ಗಿರಣಿ ಮನೆಯ ಅಮಾನತು

ಲಾಲಸಾಬ ದಫೇದಾರ ಅಮಾನತನ್ನು ಕರೆದುಕೊಂಡು ನಮ್ಮ ಗಿರಣಿಯ ಬಾಗಿಲಿಗೆ ಬಂದಾಗ ನಾನು ಸಾವಂತ್ರವ್ವನ ಜೋಳ ಹಾಕಿದ್ದೆ. ಗಿರಣಿಯ ಬಾಯಿಗೆ ಒಬ್ಬರ ಕಾಳು ಸುರುವಿದ ಮೇಲೆ ಅದು ಪೂರ್ತಿ ಹಿಟ್ಟಾಗಿ ಇಳಿಯುವ ತನಕ ಏಳುವ ಹಾಗಿಲ್ಲ. ಎದ್ದರೆ ಒಬ್ಬರ ಹಿಟ್ಟು ಇನ್ನೊಬ್ಬರ ಡಬ್ಬಿ ಸೇರುತ್ತದೆ, ಆಮೇಲೆ ಕೇರಿಯೆಲ್ಲ ಜಗಳ. ಹಾಗಾಗಿ "ನಿಂದರ್ರಿ, ಡಬ್ಬಿ ತುಂಬಲಿ" ಎಂದು ಕೂಗಿದೆ. ಪೊಲೀಸರಿಗೆ ನಿಲ್ಲಿ ಎಂದದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಇಬ್ಬರೂ ನಿಂತರು. ಡಬ್ಬಿ ಹಿಡಿದು ಪಾಳಿಯಲ್ಲಿದ್ದ ಹೆಂಗಸರು ಗೋಡೆಗೆ ಅಂಟಿಕೊಂಡು ಒಂದು ಚಕ್ಕಡಿ ಹೋಗುವಷ್ಟು ಜಾಗ ಬಿಟ್ಟರು.

ನನ್ನ ಹೆಸರು ಫಕೀರವ್ವ. ಊರಿನವರು ಗಿರಣಿ ಫಕೀರವ್ವ ಅನ್ನುತ್ತಾರೆ. ಬಾಯಿ ಜೋರು ಅಂತಲೂ ಅನ್ನುತ್ತಾರೆ. ಹಗಲೆಲ್ಲ ಈ ಸದ್ದಿನ ಮುಂದೆ ಕೂತು ಮಾತಾಡಿ ನೋಡಲಿ, ಅವರ ಬಾಯಿಯೂ ಜೋರಾಗುತ್ತದೆ. ಗಂಡ ತೀರಿಕೊಂಡ ಮೇಲೆ ನಾನೂ ನನ್ನ ತಮ್ಮ ಹೊನ್ನಪ್ಪನೂ ಸೇರಿ ಈ ಗಿರಣಿ ನಡೆಸಿಕೊಂಡು ಬಂದಿದ್ದೇವೆ. ಕಾಳು ಹಾಕುವುದು, ಮಂದಿಯ ಜೊತೆ ವಾದ ಮಾಡುವುದು ನನ್ನ ಪಾಲಿನ ಕೆಲಸ. ಕಲ್ಲು, ಬೆಲ್ಟು, ಮೋಟರು ಅವನ ಪಾಲಿಗೆ. ಬೀಸುವ ಕಲ್ಲು ಸವೆದು ನುಣುಪಾದಾಗ ಚಾಣ ಸುತ್ತಿಗೆ ಹಿಡಿದು ಅದಕ್ಕೆ ಕಚ್ಚು ಹೊಡೆಯುವವನು ಅವನು. ಇಳಿಯುವ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ರೊಟ್ಟಿಗೆ ಆಯಿತೋ ಇಲ್ಲವೋ ಎಂದು ಹೇಳುವವನೂ ಅವನೇ. ಹೇಳುತ್ತಿದ್ದವನು ಅನ್ನಬೇಕು.

ನೀರಿನ ಟಾಕಿಯ ಮೋಟರು ಕಳವಾಗಿತ್ತು. ಊರಲ್ಲಿ ಮೋಟರಿನ ಕೆಲಸ ಬಲ್ಲವರು ಯಾರು ಎಂದು ಕೇಳಿ ತಿಳಿದು ಫೌಜದಾರ ಕಟಗೇರಿ ನನ್ನ ತಮ್ಮನನ್ನು ಠಾಣೆಗೆ ಒಯ್ದ. ಸಂತೆಯ ದಿನ ಒಯ್ದವನು ಮುಂದಿನ ಸಂತೆಗೆ ಬಿಟ್ಟ. ಅಷ್ಟರಲ್ಲಿ ಮೋಟರು ಗುತ್ತಿಗೆದಾರನ ಗೋದಾಮಿನಲ್ಲೇ ಸಿಕ್ಕಿತ್ತು. ಯಾರೂ ತಪ್ಪಾಯಿತು ಅನ್ನಲಿಲ್ಲ. ಹೊನ್ನಪ್ಪ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡು ನಡೆದೇ ಮನೆಗೆ ಬಂದ. ಮೇಜಿನ ಮೇಲೆ ಕೈ ಇಡಿಸಿ ಕಟಗೇರಿ ತನ್ನ ಕೈಯಾರೆ ಲಾಠಿಯಿಂದ ಹೊಡೆದಿದ್ದ. ಮೂಳೆಯೇನೋ ಕೂಡಿತು, ಆದರೆ ಬೆರಳು ಬೆರಳಾಗಿ ಉಳಿಯಲಿಲ್ಲ. ಬಿಸಿ ತಣ್ಣಗೆ ತಿಳಿಯುವುದಿಲ್ಲ, ಚಾಣ ಹಿಡಿದರೆ ಜಾರುತ್ತದೆ, ಹಿಟ್ಟು ಮುಟ್ಟಿದರೆ ಮುಟ್ಟಿದ್ದೇ ಗೊತ್ತಾಗುವುದಿಲ್ಲ. ಆಮೇಲಿಂದ ಅವನು ಚಿಟಿಕೆ ಹಿಟ್ಟನ್ನು ಕೆಳದುಟಿಗೆ ಒತ್ತಿ ನೋಡತೊಡಗಿದ. ಅದನ್ನು ನೋಡಿ ನೋಡಿ ದೂರು ಕೊಟ್ಟವಳು ನಾನು. ಮಾಡಿದ್ದು ತಪ್ಪು ಎಂದು ಸರ್ಕಾರದ ಬಾಯಿಂದಲೇ ಬರಬೇಕು, ಆ ಟೋಪಿ ಮತ್ತೆ ಆ ತಲೆಗೆ ಏರಬಾರದು. ಅದಕ್ಕಿಂತ ಹೆಚ್ಚಿನದು ನನಗೆ ಬೇಕಿರಲಿಲ್ಲ. ದೂರು ಮೇಲಿನವರಿಗೆ ಮುಟ್ಟಿ ಕಟಗೇರಿ ಅಮಾನತಾದ.

ಬೇರೆ ಊರುಗಳಲ್ಲಿ ಅಮಾನತಾದ ಪೊಲೀಸರು ವಿಚಾರಣೆ ಮುಗಿಯುವ ತನಕ ಅರ್ಧ ಸಂಬಳ ತಿಂದುಕೊಂಡು ಸ್ವಂತ ಮನೆಯಲ್ಲಿ ಕೂತಿರುತ್ತಾರಂತೆ. ನಮ್ಮೂರಲ್ಲಿ ಹಾಗಿಲ್ಲ. ಅಮಾನತು ಅಂದರೆ ನಂಬಿ ಇಟ್ಟದ್ದು. ಅಂದ ಮೇಲೆ ಅದನ್ನು ಯಾರದಾದರೂ ಮನೆಯಲ್ಲಿ ಇಡಬೇಕಲ್ಲ? ದೂರು ಕೊಟ್ಟವರ ಮನೆಯಲ್ಲೇ ಇಡುತ್ತಾರೆ. ಟೋಪಿ, ಬೆಲ್ಟು, ಸೀಟಿ ಠಾಣೆಯ ಗೂಟಕ್ಕೆ, ಮನುಷ್ಯ ದೂರುದಾರರ ಪಡಸಾಲೆಗೆ. ನಂಬಿ ಇಟ್ಟ ಒಡವೆಯನ್ನು ಹೇಗೆ ನೋಡಿಕೊಳ್ಳುತ್ತೇವೋ ಹಾಗೆ ನೋಡಿಕೊಂಡು, ಕೇಳಿದಾಗ ಇಟ್ಟ ಹಾಗೆಯೇ ಹಿಂದಕ್ಕೆ ಕೊಡಬೇಕು. ಹೊಡೆದರೆ, ಉಪವಾಸ ಕೆಡವಿದರೆ, ಒಂದಿಷ್ಟು ಹೆಚ್ಚು ಕಡಿಮೆಯಾದರೆ ಒಡವೆ ಕೆಡಿಸಿದ ಹಾಗೆ. ಕೆಡಿಸಿದವರ ದೂರು ಯಾರು ಕೇಳುತ್ತಾರೆ? ಕಡತ ಕಟ್ಟಿ ಅಟ್ಟಕ್ಕೆ ಎಸೆಯುತ್ತಾರೆ.

ಸಾವಂತ್ರವ್ವನ ಡಬ್ಬಿ ತುಂಬಿದ ಮೇಲೆ ಮೋಟರು ಆರಿಸಿ, ಕೈ ಜಾಡಿಸಿಕೊಂಡು ಎದ್ದು ಬಂದೆ. ಲಾಲಸಾಬ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಹೇಳಬೇಕಾದ ಮಾತನ್ನು ಹೇಳಿದ: "ಅಮಾನತು ಇಡುತ್ತಿದ್ದೇವೆ. ಇಟ್ಟ ಹಾಗೆ ಇರಬೇಕು."

"ಇಟ್ಟ ಹಾಗೆ ಇರುತ್ತದೆ" ಎಂದೆ ನಾನು.

ಅವನು ನನ್ನನ್ನು ಬೇವಿನ ಗಿಡದ ಕಡೆ ಕರೆದ. ಲಾಲಸಾಬ ಒಳ್ಳೆಯವನು. ಪೊಲೀಸಿನಲ್ಲಿ ತಲೆ ಹಣ್ಣಾಗಿ ಹೋಗಿದ್ದರೂ ನಮ್ಮನ್ನು ಕಂಡರೆ ತಲೆ ತಗ್ಗಿಸುತ್ತಿದ್ದ. "ತಂಗೀ, ಚಂದಾಗಿ ಕೇಳು" ಎಂದ. "ಕಡೀಕ ವಿಚಾರಣಿಯವರು ಬಂದು 'ಇಟ್ಟದ್ದು ಇದೇ ಏನು' ಅಂತ ಕೇಳ್ತಾರ. ಮನಿಯವರ ಬಾಯಿಂದ 'ಇದೇ' ಅಂತ ಬರಬೇಕು. ಅದಕ್ಕ ಇವತ್ತಿಂದ ಹೆಸರ ಹಿಡದು ಕರೀಬ್ಯಾಡ. ಅಂವ, ಇಂವ ಅನಬ್ಯಾಡ. ಅದು ಅನ್ನು. ಒಮ್ಮೆ ಅಂವ ಅಂದ್ಯೋ, ಅದು ಮನಷ್ಯಾ ಆತು. ನಾವು ಇಟ್ಟದ್ದು ಮನಷ್ಯಾನ್ನ ಅಲ್ಲ, ಅಮಾನತು. ನೇಕಾರ ಓಣಿ ಗೌರಕ್ಕ ಹಂಗ ಕೆಟ್ಟಳು ನೋಡು. ಎಲ್ಲಾ ಸರಿ ಇತ್ತು, ಕಡೀಕ 'ಪಾಪ, ಅಂವ' ಅಂದುಬಿಟ್ಟಳು."

"ನನ್ನ ಬಾಯಾಗ ಇದಕ್ಕ ಪಾಪ ಅಂತ ಬರೂದಿಲ್ಲ ಬಿಡಣ್ಣಾ" ಎಂದೆ.

ಹೀಗೆ ಅದು ನಮ್ಮ ಮನೆಗೆ ಬಂತು. ನಾನಿನ್ನು ಅದು ಎಂದೇ ಹೇಳುತ್ತೇನೆ, ನಮ್ಮೂರಲ್ಲಿ ಹಾಗೆಯೇ ಹೇಳಬೇಕು. ಅದು ಪಡಸಾಲೆಯ ಸುತ್ತ ಕಣ್ಣಾಡಿಸಿ "ಕುರ್ಚಿ ಇಲ್ಲೇನು?" ಎಂದಿತು. ಇಲ್ಲ ಎಂದೆ. ಚೀಲಗಳ ಪಕ್ಕದಲ್ಲಿ ಚಾಪೆ ಹಾಸಿಕೊಟ್ಟೆ. ಹೊನ್ನಪ್ಪ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅಂದು ಸಂಜೆ ಅವನಿಗೆ ಊಟ ಕೊಡಲು ಹೋದರೆ ಗೋಡೆಗೆ ಮುಖ ಮಾಡಿ ಕೂತಿದ್ದ. "ಯಕ್ಕಾ, ಅದರ ಕೆಮ್ಮು ಕೇಳಿದ್ರ ಕೈ ನೋಯ್ತೈತಿ" ಎಂದ. ಸ್ಪರ್ಶವೇ ಇಲ್ಲದ ಕೈ ಹೇಗೆ ನೋಯುತ್ತದೆ ಎಂದು ನಾನು ಕೇಳಲಿಲ್ಲ.

ನಾನು ಹಟ ಹಿಡಿದವಳು. ನನ್ನ ದೂರು ಹೆಚ್ಚು ಕಡಿಮೆಯ ನೆವದಲ್ಲಿ ಬೀಳಬಾರದು ಎಂದು, ಬಂದ ಮರುದಿನವೇ ಅದನ್ನು ಗಿರಣಿಯ ಕಾಟಾದ ಮೇಲೆ ನಿಲ್ಲಿಸಿ ತೂಗಿದೆ. ಆಮೇಲೆ ಸಂತೆಗೊಮ್ಮೆ ತೂಗುತ್ತಿದ್ದೆ. ಇಳಿದಿದ್ದರೆ ಒಂದು ರೊಟ್ಟಿ ಹೆಚ್ಚು, ಏರಿದ್ದರೆ ತುಪ್ಪ ಕಡಿಮೆ. ಮೀಸೆ ಬಂದ ದಿನ ಹೇಗಿತ್ತೋ ಹಾಗೆಯೇ ಇರಲೆಂದು ಕ್ಷೌರದವನನ್ನು ಮನೆಗೇ ಕರೆಸುತ್ತಿದ್ದೆ. ಬೂಟು ಹೊಳೆಯುತ್ತಿದ್ದವಲ್ಲ, ಅವೂ ಹೊಳೆಯುತ್ತಲೇ ಇರಬೇಕು. ನಾನೇ ಪಾಲಿಶ್ ಹಚ್ಚಿದೆ. ಆ ಬೂಟು ಮಡಿಲಲ್ಲಿ ಇಟ್ಟುಕೊಂಡು, ಸಿಟ್ಟನ್ನೆಲ್ಲ ಹಾಕಿ ತಿಕ್ಕುತ್ತಿದ್ದೆ. ಪಾಳಿಯಲ್ಲಿದ್ದ ಹೆಂಗಸರು ಬಾಯಿ ಮುಚ್ಚಿಕೊಂಡು ನಗುವರು. "ಏನ ಫಕೀರವ್ವ, ಅಳಿಯನ್ನ ಸಾಕಿದಂಗ ಸಾಕಾಕತ್ತೀಯಲ್ಲ?" ಎಂದಳು ಸಾವಂತ್ರವ್ವ. "ಅಳಿಯ ಆಗಿದ್ರ ಹಿಂಗ ತೂಗಿ ತೂಗಿ ಹಾಕ್ತಿದ್ದಿಲ್ಲ" ಎಂದೆ.

ಠಾಣೆಯವರೂ ಸುಮ್ಮನಿರಲಿಲ್ಲ. ಅಲ್ಲಿನ ದೊಡ್ಡ ಸಾಹೇಬ ಪೇಢೆ ಡಬ್ಬಿ ಕಳಿಸುತ್ತಿದ್ದ. ಪ್ರೀತಿಗೇನಲ್ಲ, ತಿಂದು ಅದು ಉಬ್ಬಲಿ, ದೂರು ಬೀಳಲಿ ಅಂತ. ನಾನು ಆ ಪೇಢೆಯನ್ನು ಹಿಟ್ಟಿಗೆ ಬಂದವರಿಗೆ ಹಂಚಿಬಿಡುತ್ತಿದ್ದೆ. ಆ ದಿನಗಳಲ್ಲಿ ನಮ್ಮ ಗಿರಣಿಗೆ ಗಿರಾಕಿ ಹೆಚ್ಚಾಯಿತು.

ಮೊದಮೊದಲು ಅದು ಗೋಡೆಗೆ ಒರಗಿ, ಬಂದು ಹೋಗುವವರನ್ನು ಠಾಣೆಯಲ್ಲಿ ಕೂತು ನೋಡಿದ ಹಾಗೆ ನೋಡುತ್ತಿತ್ತು. ಅದರ ಕಣ್ಣಿಗೆ ಹೆದರಿ ಹೆಂಗಸರು ಸೆರಗು ಎಳೆದುಕೊಳ್ಳುವರು. ಹೊನ್ನಪ್ಪ ಕೋಣೆ ಬಿಟ್ಟು ಬರುತ್ತಿದ್ದುದು ಹಿಟ್ಟು ನೋಡುವುದಕ್ಕೆ ಮಾತ್ರ. ತಲೆ ಬಗ್ಗಿಸಿ ಬರುವನು, ಎಡಗೈಯಲ್ಲಿ ಚಿಟಿಕೆ ತೆಗೆಯುವನು, ತುಟಿಗೆ ಒತ್ತಿ ನೋಡಿ "ಇನ್ನೊಂದೀಟು ಬಿಗಿ" ಎಂದೋ "ಸಾಕು" ಎಂದೋ ಹೇಳಿ ಹೋಗುವನು. ಎಡಗೈ ಬೆರಳಿಗೆ ಆ ವಿದ್ಯೆ ಬರಲಿಲ್ಲ, ಹುಟ್ಟಿದಾಗಿನಿಂದ ಬಲಗೈಯೇ ಕಲಿತಿತ್ತಲ್ಲ. ಪ್ರಕರಣದ ಮಾತು ಮನೆಯಲ್ಲಿ ಎತ್ತಬಾರದು ಎಂಬುದೂ ಒಂದು ನಿಯಮ. ಆದ್ದರಿಂದ ಅದಕ್ಕೆ ನಾವು ಹೇಳಲಿಲ್ಲ, ಅದೂ ಕೇಳಲಿಲ್ಲ. ಆದರೆ ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತ ಕೂತಿದ್ದ ಅದು ತಲೆಯೆತ್ತಿ ಕೇಳಿತು: "ಹಿಟ್ಟು ತುಟಿಗ್ಯಾಕ ಹಚ್ಚತಾನ?"

"ಬೆರಳಿಗೆ ಗೊತ್ತಾಗೂದಿಲ್ಲ, ಅದಕ್ಕ" ಎಂದೆ. ಪ್ರಕರಣದ ಮಾತು ಅಲ್ಲ ಅದು, ಗಿರಣಿಯ ಮಾತು.

ಅದರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆಮೇಲೆ ತಾಟು ಸರಿಸಿ ಎದ್ದುಹೋಯಿತು. ರಾತ್ರಿಯೂ ಉಣ್ಣಲಿಲ್ಲ, ಮರುದಿನವೂ ಇಲ್ಲ. ಒಲ್ಲೆನೆಂದು ಕೂತು ಬಡವಾದರೆ ನನ್ನ ದೂರಿನ ಗತಿಯೇನು? ತಾಟು ತೆಗೆದುಕೊಂಡು ಹೋಗಿ ಅದರ ಮುಂದೆ ಕುಕ್ಕಿದೆ. "ಇಷ್ಟು ದಿನ ಹಸಿವಿ ಇತ್ತು, ಈಗ ಎಲ್ಲಿ ಹೋತು? ನಿನ್ನ ಸಂಕಟ ನಿನ್ನ ಹತ್ರ ಇಟ್ಕೋ. ಕಾಟಾದಾಗ ಕಡಿಮಿ ಬಂದ್ರ ನನ್ನ ತಮ್ಮಗ ನ್ಯಾಯ ಹೋಗತೈತಿ. ಉಣ್ಣು" ಎಂದೆ. ಅದು ನನ್ನ ಮುಖ ನೋಡಿತು. ಪಶ್ಚಾತ್ತಾಪವೋ ಏನೋ, ನನಗೆ ಅದನ್ನು ವಿಚಾರಿಸುವ ವ್ಯವಧಾನ ಇರಲಿಲ್ಲ. ಕಣ್ಣಲ್ಲಿ ನೀರು ಇಳಿಸಿಕೊಂಡು, ನಾನು ಎದುರಿಗೆ ಕೂತಿರುವ ಹಾಗೆಯೇ, ರೊಟ್ಟಿ ಪಲ್ಯ ಪೂರಾ ಉಂಡಿತು. ಆವತ್ತಿನಿಂದ ಅದು ಹೆಂಗಸರ ಕಡೆ ದಿಟ್ಟಿಸಿ ನೋಡುವುದನ್ನು ಬಿಟ್ಟಿತು. ನನ್ನನ್ನು ಅಕ್ಕಾರ ಎಂದು ಕರೆಯತೊಡಗಿತು. ನಾನು ಓ ಅನ್ನುತ್ತಿರಲಿಲ್ಲ.

ಬೇಸಿಗೆ ಏರುವ ಹೊತ್ತಿಗೆ ನಮ್ಮ ಕಲ್ಲು ಸವೆಯಿತು. ಹಿಟ್ಟು ಕಾದು ಕಮಟಾಗಿ ಇಳಿಯುತ್ತಿತ್ತು, ರೊಟ್ಟಿ ತಟ್ಟಿದರೆ ಅಂಚು ಬಿರಿಯುತ್ತಿತ್ತು. ಕಲ್ಲಿಗೆ ಕಚ್ಚು ಹೊಡೆಯುವ ಇನ್ನೊಬ್ಬ ಕೈ ನಮ್ಮೂರಲ್ಲಿ ಇಲ್ಲ. ಹೊನ್ನಪ್ಪ ತಾನೇ ಬೆಲ್ಟು ಇಳಿಸಿ, ಮೇಲಿನ ಕಲ್ಲು ಎತ್ತಿಸಿ, ಚಾಣವನ್ನು ಬಟ್ಟೆಯಿಂದ ಬಲಗೈಗೆ ಕಟ್ಟಿಕೊಂಡು ಕೂತ. ಮೊದಲ ಏಟಿಗೇ ಚಾಣ ಜಾರಿ ಅವನ ಮಂಡಿಗೆ ತಾಗಿತು. ಇನ್ನೊಂದು ಏಟು ಹಾಕಿದ, ಅದೂ ಜಾರಿತು. ಅವನು ಸುತ್ತಿಗೆ ಕೆಳಗಿಟ್ಟು ಕಲ್ಲಿನ ಮೇಲೆ ಹಣೆಯಿಟ್ಟು ಅತ್ತ. ನಾನು ಒಳಗೆ ಹೋಗಿ ಅರಿಸಿನ ತರುವಷ್ಟರಲ್ಲಿ ಅಮಾನತು ಚಾಪೆಯಿಂದ ಎದ್ದು ಬಂದು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿತ್ತು. ಹೊನ್ನಪ್ಪನ ಕೈಗೆ ಕಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿ ಚಾಣ ತೆಗೆದುಕೊಂಡಿತು. ನನ್ನ ತಮ್ಮ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಗೋಡೆಯವರೆಗೂ ಸರಿದ. ಆದರೆ ಅದು ಎತ್ತಿ ಹಾಕಿದ ಮೊದಲ ಏಟಿಗೆ ಕಲ್ಲಿನ ಚೂರು ಹಾರಿದಾಗ ಅವನಿಗೆ ತಡೆಯಲಾಗಲಿಲ್ಲ. ಕಲ್ಲು ಕೆಟ್ಟರೆ ನಮ್ಮ ಅನ್ನವೇ ಕೆಟ್ಟ ಹಾಗೆ.

"ಹಗರಕ ಹಿಡೀರಿ ಸಾಹೇಬ್ರ" ಎಂದ ಹೊನ್ನಪ್ಪ. "ಒತ್ತಬ್ಯಾಡ್ರಿ. ಅದರಷ್ಟಕ್ಕ ಅದು ಬೀಳಲ್ರಿ."

ಅದು ಹಗುರ ಹಿಡಿಯಿತು. ಆ ದಿನವೆಲ್ಲ ಗಿರಣಿಯಲ್ಲಿ ಟಕ್ ಟಕ್ ಸದ್ದು. ಹೊನ್ನಪ್ಪ ಗೋಡೆಯ ಬದಿಯಿಂದಲೇ ಹೇಳುವುದು, ಅದು ಹೊಡೆಯುವುದು. ಇಬ್ಬರ ನಡುವೆ ಒಂದಾಳಿನ ಜಾಗ ಹಾಗೆಯೇ ಉಳಿದಿತ್ತು. ಬೇರೆಯವರಾಗಿದ್ದರೆ ಸಂತೋಷಪಡುತ್ತಿದ್ದರೇನೋ. ನನಗೆ ಮೈ ಉರಿಯಿತು. ಸಂಜೆ ಲಾಲಸಾಬ ಅಮಾನತು ಹೇಗಿದೆ ನೋಡಿಹೋಗಲು ಬಂದು ಕಟ್ಟೆಯ ಮೇಲೆ ಕೂತಿದ್ದ. ಅವನಿರುವುದನ್ನೂ ಮರೆತು ತಮ್ಮನ ಮೇಲೆ ಹರಿಹಾಯ್ದೆ. "ನಿನಗ ಬುದ್ಧಿ ಐತೇನೋ? ಅಂವ ನಿನ್ನ ಕೈ ಮುರದಾಂವ. ಅಂವಗ ರೀ ಹಚ್ಚಿ ಮಾತಾಡ್ತೀಯಲ್ಲ?"

"ಬೇಕಂತ ಹಚ್ಚೂದಿಲ್ಲ ಯಕ್ಕಾ" ಎಂದ ಹೊನ್ನಪ್ಪ. "ಅಂಜಿಕಿಗೆ ಬರತೈತಿ. ಕನಸಿನ್ಯಾಗ ಬೈದ್ರೂ ರೀ ಹಚ್ಚೇ ಬೈತೀನಿ."

ಲಾಲಸಾಬ ನೆಲ ನೋಡುತ್ತ, ನನಗಷ್ಟೇ ಕೇಳುವಂತೆ ಹೇಳಿದ: "ತಂಗೀ, ಈಗ ನೀ ಎರಡ ಸಲ ಅಂವ ಅಂದಿ. ನಾ ಕೇಳಿಲ್ಲ. ಬಾಯಿ ಜ್ವಾಕಿ." ಬೈಯುವಾಗ ಬಂದದ್ದು ಅದು, ಪ್ರೀತಿಗಲ್ಲ, ಆದರೂ ಬಂದಿತ್ತಲ್ಲ? ಯೋಚಿಸಿ ನೋಡಿದರೆ ಒಡವೆಯನ್ನು ಯಾರೂ ಬೈಯುವುದಿಲ್ಲ. ಬೈಯಬೇಕಾದರೂ ಎದುರಿಗೆ ಒಬ್ಬ ಮನುಷ್ಯ ಬೇಕು. ಅಂದಿನಿಂದ ನಾನು ಅದರ ವಿಷಯ ಮಾತಾಡುವುದನ್ನೇ ಕಡಿಮೆ ಮಾಡಿದೆ. ಕಾಳು ಹಾಕುವಾಗ ಬಾಯೊಳಗೆ "ಇದೇ, ಇದೇ" ಎಂದು ಅನ್ನಿಕೊಳ್ಳುತ್ತಿದ್ದೆ. ಸಾವಂತ್ರವ್ವ ಅಕ್ಕಿಹಿಟ್ಟಿನ ಡಬ್ಬಿ ತೋರಿಸಿ ಇದು ಯಾರದು ಅಂತ ಕೇಳಿದರೆ "ಇದೇ" ಎಂದು ಉತ್ತರ ಕೊಟ್ಟು ನಗೆಗೀಡಾದೆ.

ಆಮೇಲೂ ಕಲ್ಲಿನ ಕೆಲಸ ನಡೆಯುತ್ತಲೇ ಇತ್ತು. ಅದರ ಅಂಗೈ ಬೊಕ್ಕೆ ಎದ್ದು ಒಡೆದು ಜಡ್ಡುಗಟ್ಟಿತು. ತೂಕ ಸರಿಯಾಗಿತ್ತು, ಮೀಸೆ ಸರಿಯಾಗಿತ್ತು, ಬೂಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ದನಿ ತಗ್ಗಿದ್ದನ್ನು, ಕರೆಯದೆ ಒಳಗೆ ಕಾಲಿಡದೆ ಹೊಸ್ತಿಲಲ್ಲಿ ನಿಲ್ಲತೊಡಗಿದ್ದನ್ನು ನಾನು ಕಂಡರೂ ಕಾಣದ ಹಾಗಿದ್ದೆ. ಕಾಟಾದಲ್ಲಿ ತೂಗಲಿಕ್ಕೆ ಬಾರದ್ದಕ್ಕೆ ನಾನೇನು ಮಾಡಲಿ?

ವಿಚಾರಣೆ ನಮ್ಮ ಗಿರಣಿಯ ಅಂಗಳದಲ್ಲೇ ಆಯಿತು. ವಿಚಾರಣೆಗೆ ಬಂದವರು ಹೆಣ್ಣುಮಗಳು, ಬೇರೆ ಊರಿನ ಹಿರಿಯ ಅಧಿಕಾರಿ. ಊರವರು ಬಾಯಾರು ಎಂದು ಕರೆದರು, ನಾನೂ ಹಾಗೇ ಕರೆದೆ. ಶಾಲೆಯಿಂದ ಕುರ್ಚಿ ತಂದು ಬೇವಿನ ನೆರಳಲ್ಲಿ ಹಾಕಿದ್ದರು. ಪಕ್ಕದಲ್ಲಿ ಠಾಣೆಯ ದೊಡ್ಡ ಸಾಹೇಬ ನಿಂತಿದ್ದ. ಅಮಾನತಿನ ಪಕ್ಕ ಹಾದು ಹೋಗುವಾಗ ಅವನು "ನೀ ಸುಮ್ನ ನಿಂದ್ರು, ಆಕಿ ಬಾಯಿ ನಾ ಬಲ್ಲೆ" ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು, ತಿದ್ದಿದ ಮೀಸೆ. ಬಂದ ದಿನ ನಿಂತಿದ್ದ ಜಾಗದಲ್ಲೇ ಅದನ್ನು ನಿಲ್ಲಿಸಿದ್ದರು. ಊರು ಊರೇ ಬಂದಿತ್ತು. ಹೊನ್ನಪ್ಪ ಮಾತ್ರ ಒಳಗಿದ್ದ.

ಮೊದಲು ತೂಗಿದರು. ಸರಿಯಾಗಿತ್ತು. ದೊಡ್ಡ ಸಾಹೇಬ ಬೂಟು ನೋಡಿದ, ಮೀಸೆ ನೋಡಿದ, ಕಾಲರು ಎತ್ತಿ ಕುತ್ತಿಗೆ ನೋಡಿದ. ಎಲ್ಲಿಯೂ ಒಂದು ಗೆರೆ ಹೆಚ್ಚಿರಲಿಲ್ಲ. ಅದು ಮುಷ್ಟಿ ಬಿಗಿ ಹಿಡಿದಿದ್ದರಿಂದ ಅಂಗೈ ಯಾರಿಗೂ ಕಾಣಲಿಲ್ಲ. ದೊಡ್ಡ ಸಾಹೇಬನ ಮುಖ ಸಪ್ಪಗಾದದ್ದು ನೋಡಿ ನನಗೆ ಒಳಗೊಳಗೇ ಹಿಗ್ಗು. ಬಾಯಾರು ನನ್ನ ಕಡೆ ತಿರುಗಿ ಕೇಳಿದರು: "ಇಟ್ಟದ್ದು ಇದೇ ಏನು?"

ನಾನು ತಲೆಯೆತ್ತಿದೆ. ಎದುರಿಗೆ ಆ ಮುಖ. ತಮ್ಮನ ಕೈ ಮುರಿದ ಮುಖ, ನನ್ನೆದುರು ಕಣ್ಣೀರು ಇಳಿಸಿಕೊಂಡು ರೊಟ್ಟಿ ಉಂಡ ಮುಖ, ಎರಡೂ ಒಂದೇ. ಸಿಟ್ಟು ಉಕ್ಕಿಬಂತು. ಮಾಡಿದವನು ಇವನೇ, ಬೇರೆ ಯಾರೂ ಅಲ್ಲ ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಬೇಕು ಅನ್ನಿಸಿತು. ಕೂಗಿಯೂಬಿಟ್ಟೆ.

"ಇಂವನ ರೀ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಾಳಿಯ ಹೆಂಗಸರು ಒಮ್ಮೆಲೆ ಬಾಯಿಗೆ ಸೆರಗು ಒತ್ತಿಕೊಂಡರು. ಲಾಲಸಾಬ ಕಣ್ಣು ಮುಚ್ಚಿದ. ದೊಡ್ಡ ಸಾಹೇಬ ಮುಂದೆ ಬಂದು, "ಕೇಳಿದ್ರಲ್ಲ ಮೇಡಂ? ನಾವು ಇಟ್ಟದ್ದು ಅಮಾನತು. ಈಕಿ ಇಂವ ಅಂತಾಳ. ಇಟ್ಟಂಗ ಉಳಿದಿಲ್ಲ, ಈಕಿ ಬಾಯಿನ ಹೇಳಿತು. ದೂರು ಮುಗಿಸಿಬಿಡ್ರಿ" ಎಂದ.

ನನಗೆ ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸಿತು. ತೂಗಿದ್ದೇನು, ಪಾಲಿಶ್ ಹಚ್ಚಿದ್ದೇನು, ಎಲ್ಲ ಈ ಹಾಳು ಬಾಯಿಂದ ನೀರಿಗೆ ಹೋಯಿತು. ಹೋಗುವುದು ಹೇಗೂ ಹೋಯಿತು ಎಂದ ಮೇಲೆ ಅಂಜಿಕೆಯೂ ಹೋಯಿತು. "ಸಾಹೇಬ್ರ, ನಾನೂ ನಿಮ್ಮಲ್ಲಿ ಒಂದು ಇಟ್ಟಿದ್ದೆ" ಎಂದೆ. "ಸಂತಿ ದಿನ ಒಯ್ದ್ರಿ. ಇಟ್ಟಂಗ ಇರತೈತೇನು ಅಂತ ನಾ ಕೇಳಲಿಲ್ಲ, ನೀವೂ ಹೇಳಲಿಲ್ಲ. ಹೊಳ್ಳಿ ಕೊಡೂ ಮುಂದ ಇಟ್ಟದ್ದು ಇದೇ ಏನು ಅಂತ ಯಾರೂ ಕೇಳಲಿಲ್ಲ. ಕೇಳಿದ್ರ ಅಲ್ಲ ಅಂತಿದ್ದೆ. ನನ್ನ ತಮ್ಮನ ಕೈ ಇಟ್ಟಂಗ ಬರಲಿಲ್ಲ." ಹೇಳುತ್ತ ಹೇಳುತ್ತ ಅಳು ಬಂತು. ಅಷ್ಟು ಮಂದಿಯ ಮುಂದೆ ನಾನು ಅತ್ತದ್ದು ಅದೇ ಮೊದಲು.

ಬಾಯಾರು ಲಾಲಸಾಬನನ್ನು ಕೇಳಿದರು: "ಮನೆಯವರ ಬಾಯಿಂದ ಬರಬೇಕು ಅಂತ ಅಲ್ಲವೇ ನಿಮ್ಮೂರಿನ ಪದ್ಧತಿ? ಈ ಮನೆಯಲ್ಲಿ ಬೇರೆ ಯಾರಿದ್ದಾರೆ?"

ಉತ್ತರ ಹೇಳುವ ಮೊದಲೇ ಹೊನ್ನಪ್ಪ ಹೊಸ್ತಿಲಿಗೆ ಬಂದಿದ್ದ. ನನ್ನ ಅಳು ಕೇಳಿ ಎದ್ದು ಬಂದನೋ ಏನೋ. ಮೈಗೆಲ್ಲ ಹಿಟ್ಟು ಹತ್ತಿತ್ತು. ಜನ ದಾರಿ ಬಿಟ್ಟರು. ಅವನು ಅಂಗಳ ದಾಟಿ ಅಮಾನತಿನ ಎದುರು ಬಂದು ನಿಂತು ಅದರ ಬಲಗೈ ನೋಡಿದ. ಅದು ಮುಷ್ಟಿ ಹಿಡಿದೇ ನಿಂತಿತ್ತು. ದೊಡ್ಡ ಸಾಹೇಬ "ಕೈ ಹಿಂದ ತಗೋ" ಎಂದು ಗದರಿದ. ಅದು ಹಿಂದೆ ತೆಗೆಯಲಿಲ್ಲ. ಕೈಯನ್ನು ಮುಂದೆ ಚಾಚಿ ಬೆರಳು ಬಿಚ್ಚಿತು.

ನನ್ನ ತಮ್ಮ ತನ್ನ ಸತ್ತ ಬೆರಳುಗಳಿಂದಲೇ ಆ ಕೈಯನ್ನು ಹಿಡಿದುಕೊಂಡ. ಹಿಡಿದದ್ದು ಅವನಿಗೆ ತಿಳಿಯುತ್ತಿರಲಿಲ್ಲವಾದ್ದರಿಂದ, ಬಗ್ಗಿ, ಹಿಟ್ಟು ನೋಡುವ ಹಾಗೆಯೇ ಆ ಅಂಗೈಯನ್ನು ತನ್ನ ಕೆಳದುಟಿಗೆ ಒತ್ತಿಕೊಂಡ. ಜಡ್ಡು ಇತ್ತು, ಚಾಣದ ಗಾಯ ಇತ್ತು, ಬೊಕ್ಕೆ ಒಡೆದ ಸಿಪ್ಪೆ ಇತ್ತು. ಆಮೇಲೆ ಅವನು ತಲೆಯೆತ್ತಿ ಬಾಯಾರ ಕಡೆ ನೋಡಿದ. "ಈ ಕೈ ನಂಗ ಗೊತ್ತೈತ್ರಿ" ಎಂದ. "ಇದೇ."

ಕೈಗೆ ಇದು ಅನ್ನಬೇಕಲ್ಲದೆ ಮತ್ತೇನು ಅನ್ನುತ್ತಾರೆ? ಬಾಯಾರು ಕುರ್ಚಿಯಿಂದ ಎದ್ದರು. "ಮನೆಯವರು ಇದೇ ಅಂದಿದ್ದಾರೆ. ಅಮಾನತು ಸಂದಿದೆ, ದೂರು ಬಿದ್ದಿಲ್ಲ, ಉಳಿದಿದೆ" ಎಂದರು. ಕಟಗೇರಿ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದ. ಲಾಲಸಾಬ ಹೆಗಲು ಮುಟ್ಟಿದ ಮೇಲೆ ಕೈ ಇಳಿಸಿದ. ಬಾಯಾರ ಮುಂದೆ ಅಂದೇ ಎಲ್ಲವನ್ನೂ ಒಪ್ಪಿಕೊಂಡನಂತೆ. ಮುಂದೆ ಅವನನ್ನು ನೌಕರಿಯಿಂದ ತೆಗೆದುಹಾಕಿದರು. ಆ ಟೋಪಿ ಗೂಟದಿಂದ ಇಳಿಯಲಿಲ್ಲ. ನಾನು ಬೇಡಿದ್ದು ಸಿಕ್ಕಿತು. ಆ ದಿನ ಚಾಪೆ ಸುತ್ತಿಡುವಾಗ ಯಾಕೋ ಮತ್ತೆ ಅಳು ಬಂತು, ನನ್ನ ಮೇಲೆ ನನಗೇ ಸಿಟ್ಟೂ ಬಂತು.

ನಾನು ಅವನನ್ನು ಕ್ಷಮಿಸಿದೆ ಅಂತ ಯಾರೂ ತಿಳಿಯಬೇಡಿ. ಹೊನ್ನಪ್ಪನ ಬೆರಳು ಇವತ್ತಿಗೂ ಹಾಗೆಯೇ ಇವೆ. ಮುಂದಿನ ಬೇಸಿಗೆಯಲ್ಲಿ ಒಂದು ದಿನ ತಲೆಯೆತ್ತಿ ನೋಡಿದರೆ ಪಾಳಿಯ ಕೊನೆಯಲ್ಲಿ ಗೋದಿ ಡಬ್ಬಿ ಹಿಡಿದು ಕಟಗೇರಿ ನಿಂತಿದ್ದ. ಸಾದಾ ಪೈಜಾಮ, ಮೀಸೆ ಎಣ್ಣೆಯಿಲ್ಲದೆ ಇಳಿಬಿದ್ದಿತ್ತು, ಬಡವಾಗಿದ್ದ. ಈ ಸಲ ಹೆಂಗಸರು ಯಾರೂ ಗೋಡೆಗೆ ಸರಿಯಲಿಲ್ಲ. ನಾನು ಪಾಳಿ ಪ್ರಕಾರವೇ ಎಲ್ಲರ ಕಾಳೂ ಹಾಕಿದೆ. ಅವನ ಸರದಿ ಬಂದಾಗ ಹೊನ್ನಪ್ಪ ಆಗಷ್ಟೇ ಇಳಿದು ಮುಗಿದ ಹಿಟ್ಟನ್ನು ತುಟಿಗೆ ಒತ್ತಿ, "ಕಲ್ಲು ಸವದೈತಿ ಯಕ್ಕಾ, ಇನ್ನ ಮುಂದ ಬೀಸಿದ್ರ ಹಿಟ್ಟು ಕೆಡತೈತಿ" ಎಂದ.

ಕಟಗೇರಿ ಡಬ್ಬಿ ಕೆಳಗಿಟ್ಟ. ಗೂಡಿನಲ್ಲಿದ್ದ ಚಾಣ ಸುತ್ತಿಗೆಗಳ ಕಡೆ ನೋಡಿದ, ಆಮೇಲೆ ನನ್ನ ಕಡೆ. ಹೊಸ್ತಿಲ ಆಚೆಯೇ ನಿಂತಿದ್ದ. ನಾನು ಮೋಟರು ಆರಿಸಿ ಬೆಲ್ಟು ಇಳಿಸಿದೆ. ಅವನು ಒಳಗೆ ಬಂದು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ನನ್ನ ತಮ್ಮ ಗೋಡೆಯ ಕಡೆ ಹೋಗಲಿಲ್ಲ, ಅವನ ಪಕ್ಕದಲ್ಲೇ ಕೂತ. ಬಹಳ ದಿನ ಚಾಣ ಹಿಡಿಯದ ಕೈ, ಮೊದಲ ಏಟು ಜೋರಾಗಿಯೇ ಬಿತ್ತು.

"ಹಗರಕ ಹಿಡಿಯೋ, ಒತ್ತಬ್ಯಾಡ" ಎಂದ ಹೊನ್ನಪ್ಪ.

ನಾನು ಡಬ್ಬಿ ಒರೆಸುತ್ತಿದ್ದವಳು ಹಾಗೆಯೇ ನಿಂತೆ. ನನ್ನ ತಮ್ಮ ಅವನಿಗೆ ರೀ ಹಚ್ಚಿರಲಿಲ್ಲ.